ಕಣ ಬಡಿದು ಕಾಡು ಬೆಳೆಸಿದವರು

ರಾಗಿ ಕಣ ಮಾಡುವುದನ್ನು ನೋಡಿದವರಿಗೆ ಗೊತ್ತು. ನೆಲ ಕೆತ್ತಿ, ನೀರು ಹಾಕಿ, ಗುಂಡು ಉರುಳಿಸಿ, ಸಗಣಿ ಸಾರಿಸುತ್ತಾರೆ. ಒಂದು ಗರಿಕೆಯೂ ಏಳಬಾರದು. ಅದರ ನಡುವೆ ಮಾವಿನ ಸಸಿ ನೆಡು ಅಂದರೆ ಮಕ್ಕಳೂ ನಗುತ್ತಾರೆ, ಅಲ್ವಾ?

ಅಮೆರಿಕದ ಅಪಲೇಚಿಯನ್ ಬೆಟ್ಟಗಳಲ್ಲಿ ಯಾರೂ ನಗಲಿಲ್ಲ. ಕೆಂಟಕಿ, ವೆಸ್ಟ್ ವರ್ಜೀನಿಯಾ ಕಡೆ ಕಲ್ಲಿದ್ದಲಿಗಾಗಿ ಬೆಟ್ಟದ ನೆತ್ತಿಯನ್ನೇ ಹಾರಿಸುವ ರೂಢಿ. 1977ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಒಂದು ಕಾಯ್ದೆಗೆ ಸಹಿ ಹಾಕಿದರು. ಅಗೆದವರೇ ನೆಲ ಸರಿಮಾಡಿಕೊಡಬೇಕು, ಅಲ್ಲಿಯವರೆಗೆ ಗಣಿ ಕಂಪನಿ ಮೊದಲೇ ಕಟ್ಟಿದ ಠೇವಣಿ ವಾಪಸ್ ಇಲ್ಲ. ಕಾಯ್ದೆ ಒಳ್ಳೆಯದೇ. ಮಣ್ಣು ಕುಸಿದು ಹಳ್ಳಕ್ಕೆ ಇಳಿಯುವುದಕ್ಕೆ ಕಡಿವಾಣ ಬೇಕೇ ಇತ್ತು.

ಆದರೆ ಠೇವಣಿ ಬೇಗ ಕೈಗೆ ಬರಬೇಕಲ್ಲ! ಇಳಿಜಾರು ನುಣ್ಣಗಿರಬೇಕು, ಇನ್‌ಸ್ಪೆಕ್ಟರ್ ಕಣ್ಣಿಗೆ ಹಸಿರು ಬೀಳಬೇಕು. ಸರಿ, ಬುಲ್ಡೋಜರ್ ಹತ್ತಿಸಿ ಹಿಂದೆ ಮುಂದೆ ಓಡಿಸಿದರು. ಅಪ್ಪಟ ಕಣ ತಯಾರಾಯಿತು. ಮೇಲೆ ಹುಲ್ಲಿನ ಬೀಜ, ಜೊತೆಗೆ ಏಷ್ಯಾದಿಂದ ತಂದ ಲೆಸ್ಪಿಡೀಜಾ ಎಂಬ ದಟ್ಟವಾಗಿ ಹಬ್ಬುವ ಗಿಡ. ಬೇರು ಇಳಿಯೋಣ ಅಂದರೆ ನೆಲ ಬಿಡದು, ಸಸಿ ಏಳೋಣ ಅಂದರೆ ಲೆಸ್ಪಿಡೀಜಾ ಬಿಡದು. ಫೈಲಿನಲ್ಲಿ ಮಾತ್ರ ಬೆಟ್ಟ ಹಚ್ಚಹಸಿರು.

ತಮಾಷೆ ಏನು ಗೊತ್ತಾ? ಕಾಯ್ದೆಗೂ ಮುಂಚೆ ಬೇಕಾಬಿಟ್ಟಿ ಮಣ್ಣು ಸುರಿದು ಎದ್ದು ಹೋದ ಕೆಲವು ಕಡೆ ಮರಗಳು ಪುಷ್ಕಳವಾಗಿ ಬೆಳೆದಿದ್ದವು. ಅಡ್ಡಾದಿಡ್ಡಿ ಕೆಲಸಕ್ಕೆ ಕಾಡು, ಅಚ್ಚುಕಟ್ಟು ಕೆಲಸಕ್ಕೆ ಹುಲ್ಲು!

ಹುಲ್ಲು ಅಂದಮೇಲೆ ಮೇಯುವವರೂ ಬೇಕು. 1997ರಿಂದ ಕೆಂಟಕಿಯವರು ಯೂಟಾ ಮುಂತಾದ ಕಡೆಯಿಂದ ಎಲ್ಕ್ ಜಿಂಕೆಗಳನ್ನು ಲಾರಿಯಲ್ಲಿ ತಂದು ಬಿಟ್ಟರು. ಪಾಪ, ಅವು ಚೆನ್ನಾಗಿಯೇ ಮೇಯುತ್ತಿವೆ.

2004ರ ಹೊತ್ತಿಗೆ ಅಧಿಕಾರಿಗಳು, ವಿಜ್ಞಾನಿಗಳು ಸೇರಿ ಹೊಸ ದಾರಿ ಹೇಳತೊಡಗಿದರು. ಮೇಲಿನ 4 ಅಡಿ ಮಣ್ಣು ಸಡಿಲವಾಗಿರಲಿ, ಜಾಸ್ತಿ ತುಳಿಯಬೇಡಿ. ಅಂದರೆ ಸುಮ್ನೆ ಇರಿ, ಡೀಸೆಲ್ಲೂ ಉಳಿಯುತ್ತದೆ. ನಮ್ಮ ಯಾವ ರೈತನನ್ನು ಕೇಳಿದ್ದರೂ ಒಂದು ಬೀಡಿ ಸೇದುವಷ್ಟರಲ್ಲಿ ಹೇಳುತ್ತಿದ್ದ.

ಈಗಾಗಲೇ ಬಡಿದ ಕಣಗಳ ಗತಿ? ಮತ್ತೆ ಬುಲ್ಡೋಜರ್! ಈ ಸಲ ಅದರ ಹಿಂದೆ ಉಕ್ಕಿನ ದೊಡ್ಡ ಗುಳ. ನೆಲ ಸೀಳಿ, ಓಕ್, ಚೆಸ್ಟ್‌ನಟ್ ಸಸಿ ನೆಡುತ್ತಾರೆ. ಗ್ರೀನ್ ಫಾರೆಸ್ಟ್ಸ್ ವರ್ಕ್ ಎಂಬ ಸಂಸ್ಥೆ ದೇಣಿಗೆ, ಅನುದಾನ ಕೂಡಿಸಿ ಹೀಗೆ ಲಕ್ಷಗಟ್ಟಲೆ ಸಸಿ ನೆಟ್ಟಿದೆ. ಸ್ವಯಂಸೇವಕರು ಕೆಸರು ಮೆತ್ತಿಕೊಂಡು ಬಗ್ಗಿ ನೆಡುತ್ತಾರೆ.

ಠೇವಣಿಯಾ? ಅದನ್ನು ಬಿಡಿಸಿಕೊಂಡು ಹೋಗಿ ಎಷ್ಟೋ ವರ್ಷವಾಯಿತು. ಇನ್‌ಸ್ಪೆಕ್ಟರ್ ಬಂದ ದಿನ ಹಸಿರು ಇತ್ತಲ್ಲ.