ಶಬ್ದ ಕೇಳಿಸಿಕೊಂಡವರು ಯಾರು?

ಕಾರಿನ ಮುಂದೆ ಎಡಗಡೆಯಿಂದ ಕಟಕಟ ಅಂತ ಶಬ್ದ ಬರುತ್ತಿತ್ತು. ಸಣ್ಣ ಗುಂಡಿಯಲ್ಲಿ ನಿಧಾನವಾಗಿ ಇಳಿದಾಗ ಮಾತ್ರ. ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಅಡ್ವೈಸರ್‌ಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವರು ಜಾಬ್ ಕಾರ್ಡ್‌ನಲ್ಲಿ ಬರೆದದ್ದು ಎರಡೇ ಪದ: ಸಸ್ಪೆನ್ಷನ್ ಶಬ್ದ. ಸಂಜೆ ಫೋನ್ ಬಂತು. ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಬೇಕಂತೆ.

ನಾನು ಒಪ್ಪಲಿಲ್ಲ. ಕಾರನ್ನು ಪರಿಚಯದ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವೇ ಓಡಿಸಿದರು. ಆಮೇಲೆ ಜಾಕ್ ಹಾಕಿ, ಸಸ್ಪೆನ್ಷನ್‌ನಲ್ಲಿರುವ ಲಿಂಕ್ ರಾಡ್ ಅನ್ನುವ ಸಣ್ಣ ಜೋಡಣೆ ಕಡ್ಡಿಯನ್ನು ಕೈಯಲ್ಲೇ ಅಲ್ಲಾಡಿಸಿ ತೋರಿಸಿದರು. ಅದರ ಜಾಯಿಂಟ್ ಸವೆದಿತ್ತು. ಶಾಕ್‌ನಿಂದ ಒಂದು ತೊಟ್ಟು ಎಣ್ಣೆಯೂ ಸೋರಿರಲಿಲ್ಲ.

ಅವತ್ತು ನನಗೆ ತುಂಬಾ ಬೇಜಾರಾಗಿತ್ತು. ಆದರೆ ಸರ್ವಿಸ್ ಸೆಂಟರ್‌ನವರಿಗೆ ಕೆಲಸ ಬರಲ್ಲ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ನಾನು ಮಾತಾಡಿದವರು ಕಾರು ಮುಟ್ಟಲಿಲ್ಲ. ಕಾರು ಮುಟ್ಟಿದವರು ನನ್ನ ಮಾತು ಕೇಳಲಿಲ್ಲ. ತಪ್ಪಾಗಿದ್ದು ಅಲ್ಲೇ.

ಕಾರಿನ ಕಂಪ್ಯೂಟರ್‌ನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಇದ್ದರೂ ಅಷ್ಟೇ. ಪಿ0420 ಅನ್ನುವ ಕೋಡ್ ಬಂದರೆ, ಹೊಗೆಯಲ್ಲಿನ ವಿಷಾನಿಲ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ ಅಂತ ಸುಮ್ನೆ ಹೊಸದು ಹಾಕಿಬಿಡುವವರಿದ್ದಾರೆ. ಆಕ್ಸಿಜನ್ ಸೆನ್ಸರ್ ಕೆಟ್ಟಿದ್ದರೂ, ಸೈಲೆನ್ಸರ್ ಪೈಪ್ ಸೋರುತ್ತಿದ್ದರೂ ಅದೇ ಕೋಡ್ ಬರಬಹುದು. ಕೋಡ್ ಬರೀ ಸುಳಿವು. ಹುಡುಕಬೇಕಾದವರು ಮನುಷ್ಯರೇ ಅಲ್ವಾ?

ಹಾಗಂತ ನಾನು ಎಲ್ಲದಕ್ಕೂ ಗ್ಯಾರೇಜಿಗೆ ಹೋಗುವುದಿಲ್ಲ. ವಾರಂಟಿಯಲ್ಲಿರುವ ಕೆಲಸ, ಸಾಫ್ಟ್‌ವೇರ್ ಅಪ್‌ಡೇಟ್, ಏರ್‌ಬ್ಯಾಗ್, ಮುಂದಿನ ಗಾಜು ಬದಲಿಸಿದ ಮೇಲೆ ಅದರ ಹಿಂದಿರುವ ಕ್ಯಾಮೆರಾ ಹೊಂದಿಸುವುದು, ಇವಕ್ಕೆಲ್ಲ ಕಂಪನಿಯೇ ಸರಿ. ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳಲ್ಲಿ ಚೀಲ ಉಬ್ಬಿಸುವ ಇನ್‌ಫ್ಲೇಟರ್ ಸಿಡಿಯುತ್ತದೆ ಅಂತ ಗೊತ್ತಾದಾಗ ಹಲವು ಕಂಪನಿಗಳು ಕೋಟ್ಯಂತರ ಕಾರುಗಳನ್ನು ವಾಪಸ್ ಕರೆಸಿದವು. ಸೆಕೆ, ತೇವ ಜಾಸ್ತಿ ಇರುವ ಕಡೆ ಅದರೊಳಗಿನ ಸಿಡಿಮದ್ದು ವರ್ಷಗಳು ಕಳೆದಂತೆ ಕೆಡುತ್ತಿತ್ತು. ಅಂಥ ರಿಪೇರಿ ಯಾವ ಗ್ಯಾರೇಜಿನ ಕೆಲಸವೂ ಅಲ್ಲ.

ಗ್ಯಾರೇಜಿನಲ್ಲೂ ಕಣ್ಣಿಡಬೇಕು. ಒಂದು ಕಡೆ ಎಂದೋ ತೆರೆದಿಟ್ಟ ಬಾಟಲಿಯ ಬ್ರೇಕ್ ಆಯಿಲ್ ಹಾಕಲು ಹೊರಟಿದ್ದರು. ಬೇಡ ಅಂದೆ. ಬ್ರೇಕ್ ಆಯಿಲ್ ಗಾಳಿಯಿಂದ ನೀರಿನಂಶ ಹೀರಿಕೊಳ್ಳುತ್ತದೆ. ಡಾಟ್ 4 ಅನ್ನುವ ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ನೀರು ಸೇರಿದರೆ ಅದು 155ರ ತನಕ ಇಳಿಯಬಹುದು. ಆಯಿಲ್ ಕುದ್ದರೆ ಘಾಟಿ ಇಳಿಯುವಾಗ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. ಇದರಲ್ಲಿ ಮುಲಾಜು ಬೇಡ.

ಈಗ ಎಲ್ಲಿ ಹೋದರೂ ಒಂದನ್ನು ಮಾತ್ರ ಬಿಡದೆ ಕೇಳುತ್ತೇನೆ: ಕೆಲಸ ಮಾಡುವವರೇ ನನ್ನ ಜೊತೆ ಕಾರಲ್ಲಿ ಬರಲಿ. ಕಳೆದ ಸಲ ಸರ್ವಿಸ್ ಸೆಂಟರ್‌ನಲ್ಲಿ ಕೇಳಿದಾಗ ಒಬ್ಬ ಟೆಕ್ನಿಷಿಯನ್ ಬಂದರು. ಗುಂಯ್ ಅನ್ನುವ ಶಬ್ದ ಬಲಕ್ಕೆ ತಿರುಗಿಸಿದಾಗ ಜಾಸ್ತಿಯಾಗುತ್ತಿತ್ತು. "ಬಲಕ್ಕೆ ತಿರುಗಿದರೆ ಭಾರ ಎಡಕ್ಕೆ ಬೀಳುತ್ತೆ ಸರ್, ಎಡಗಡೆ ವೀಲ್ ಬೇರಿಂಗ್ ನೋಡೋಣ" ಅಂದರು. ಅದೇ ಆಗಿತ್ತು.