ಚೊಲುಲಾದಲ್ಲಿ 365 ಚರ್ಚುಗಳಿವೆಯಾ? ಸತ್ಯಾಂಶ

ಮೆಕ್ಸಿಕೋದ ಚೊಲುಲಾ ಊರಲ್ಲಿ ದಿನಕ್ಕೊಂದರಂತೆ 365 ಚರ್ಚುಗಳಿವೆ ಅನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು, ಜೊತೆಗೆ ಗುಡ್ಡದ ಮೇಲಿನ ಹಳದಿ ಚರ್ಚಿನ ಫೋಟೊ. ಅಷ್ಟು ಚರ್ಚುಗಳು ಅಲ್ಲಿಲ್ಲ. ಕೇರಿ ಕೇರಿಯ ಪುಟ್ಟ ಗುಡಿಗಳನ್ನು ಸೇರಿಸಿದರೂ ಅರ್ಧಕ್ಕೆ ಬರುವುದಿಲ್ಲ. ಕಾಪಿಯಾ ರೆಯಾಲ್ ಅನ್ನುವ ಒಂದೇ ಕಟ್ಟಡದ ಮೇಲೆ 49 ಗುಮ್ಮಟಗಳಿವೆ, ದೂರದಿಂದ ನೋಡಿದವರಿಗೆ ಲೆಕ್ಕ ತಪ್ಪುವುದು ಸಹಜ ಅಲ್ವಾ? ಇನ್ನು ಆ ಗುಡ್ಡ ಗುಡ್ಡವೇ ಅಲ್ಲ, ಹುಲ್ಲು ಬೆಳೆದ ಹಳೇ ಪಿರಮಿಡ್.

ನೀವೇ ನೋಡಬಹುದು. ಮ್ಯಾಪ್‌ನಲ್ಲಿ ಊರು ತೆರೆದು ಎಣಿಸಿ. ಹೇಳಿದವರು ಏನನ್ನು ಎಣಿಸಿದ್ದಾರೆ, ಊರೊಳಗಿನದ್ದು ಮಾತ್ರವೋ ಸುತ್ತಲಿನ ಹಳ್ಳಿಗಳೂ ಸೇರಿಯೋ ಅಂತ ಕೇಳಿ. ವರ್ಷದ ದಿನಗಳಿಗೆ ಸರಿಯಾಗಿ ಕೂರುವ ಸಂಖ್ಯೆ ಕಂಡರೆ ಸುಮ್ನೆ ನಂಬಬೇಡಿ.

ನನಗೆ ಆ ಸಂಖ್ಯೆಗಿಂತ ಜಾಸ್ತಿ ಇಷ್ಟವಾಗುವುದು ಬೇರೆ. ಪ್ರತಿ ಕೇರಿಗೂ ಅದರದೇ ಸಂತ, ಆ ಸಂತನ ಹಬ್ಬದ ಹೊಣೆ ಹೊರುವವರಿಗೆ ಮಯೊರ್ದೋಮೊ ಅನ್ನುತ್ತಾರೆ, ವರ್ಷ ಕಳೆದರೆ ಇನ್ನೊಂದು ಮನೆಯ ಸರದಿ.