ಹೆಪ್ಪು ಕೇಳೋಕೆ ನಾಚಿಕೆ, ಎಮ್ಮೆ ತಂದರು

ಮ್ಯೂನಿಕ್‌ನಿಂದ ಇಟಲಿಯ ಕೊರ್ಟಿನಾಕ್ಕೆ ನಾವು ನಾಲ್ವರು ಕಾರಿನಲ್ಲಿ ಹೊರಟಿದ್ದು 2026ರ ಚಳಿಗಾಲದ ಒಲಿಂಪಿಕ್ಸ್‌ನ ಲೂಜ್ ನೋಡೋಕೆ. ಮನುಷ್ಯ ಪುಟ್ಟ ಜಾರುಗಾಡಿಯ ಮೇಲೆ ಅಂಗಾತ ಮಲಗಿ, ಕಾಲು ಮುಂದೆ ಚಾಚಿ, ಐಸಿನ ಚರಂಡಿಯಲ್ಲಿ ಗಂಟೆಗೆ 120 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಜಾರಿಕೊಂಡು ಬರುವ ಆಟ. ಅಮ್ಮನಿಗೆ ಫೋನಿನಲ್ಲಿ ಇಷ್ಟೇ ವಿವರಿಸಿದ್ದು. "ಅದಕ್ಕೆ ಟಿಕೆಟ್ ಬೇರೆ ಇಟ್ಟಿದ್ದಾರಾ?" ಅಂದರು.

ಆಸ್ಟ್ರಿಯಾದ ಇನ್ಸ್‌ಬ್ರುಕ್ ದಾಟಿ ಬ್ರೆನ್ನರ್ ಘಾಟಿ ಕಡೆ ಹತ್ತುವಾಗ ಇಗ್ಲ್ಸ್ ಅಂತ ಬೋರ್ಡು ಕಂಡಿತು. ಇಗ್ಲ್ಸ್‌ನಲ್ಲೂ ಇಂಥದ್ದೇ ಜಾರುಹಾದಿ ಇದೆ, 1976ರ ಒಲಿಂಪಿಕ್ಸ್‌ಗೆ ಕಟ್ಟಿದ್ದು ಅಂತ ನಾನು ಸುಮ್ನೆ ಬಾಯಿಬಿಟ್ಟೆ. ಹಿಂದಿನ ಸೀಟಿನ ಹುಬ್ಬಳ್ಳಿಯವನು ಎದ್ದು ಕೂತ. "ಅಲ್ಲಲೇ, ಇಲ್ಲೇ ಐತಂದ್ರ ಮತ್ತ್ಯಾಕ ಅಷ್ಟು ದೂರ ಹೊಂಟೀವಿ?"

ಒಳ್ಳೇ ಪ್ರಶ್ನೆ. ಇದನ್ನೇ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯವರೂ ಇಟಲಿಗೆ ವರ್ಷಗಟ್ಟಲೆ ಕೇಳಿದರು. ಹೊಸದು ಕಟ್ಟಬೇಡಿ, ಅಕ್ಕಪಕ್ಕದ ದೇಶದಲ್ಲಿ ಇರೋದನ್ನೇ ಬಳಸಿ ಅಂದರು. 2023ರ ಅಕ್ಟೋಬರಿನಲ್ಲಿ ಸಂಘಟನಾ ಸಮಿತಿಯ ಮುಖ್ಯಸ್ಥ ಮಲಗೊ ಅವರು ಒಪ್ಪಿಕೊಂಡೂ ಬಿಟ್ಟರು: ಈ ಜಾರುವ ಆಟಗಳನ್ನು ಹೊರದೇಶಕ್ಕೆ ಕೊಡುತ್ತೇವೆ ಅಂತ. ಎಲ್ಲಿ ಹೇಳಿದರು ಗೊತ್ತಾ? ಮುಂಬೈನಲ್ಲಿ. ಒಲಿಂಪಿಕ್ ಸಮಿತಿಯ ಅಧಿವೇಶನ ಆ ಸಲ ಅಲ್ಲಿತ್ತು. ಬೆವರು ಒರೆಸಿಕೊಳ್ಳುತ್ತಾ ಐಸಿನ ಬಗ್ಗೆ ಮಾತಾಡಿದರೆ ಬುದ್ಧಿ ಸರಿಯಾಗಿ ಓಡುತ್ತದೆ ಅಂತ ಕಾಣುತ್ತೆ. ಇಟಲಿಗೆ ವಾಪಸ್ ಹೋದಮೇಲೆ ಸರ್ಕಾರ ಪಟ್ಟು ಹಿಡಿಯಿತು. ನಮ್ಮ ಒಲಿಂಪಿಕ್ಸ್, ನಮ್ಮ ಚರಂಡಿ!

ಎರಡೂವರೆ ಗಂಟೆ ದೂರದ ಪಕ್ಕದ ಮನೆಗೆ ಹೋಗಿ ಒಂದು ಚಮಚ ಹೆಪ್ಪು ಕೇಳಿದ್ದರೆ ಆಗುತ್ತಿತ್ತು. ನಾಚಿಕೆಯಾಯಿತು. ಎಮ್ಮೆ ಕೊಂಡರು. ಎಮ್ಮೆಯ ಬೆಲೆ 118 ಮಿಲಿಯನ್ ಯೂರೋ. ನಮ್ಮ ಲೆಕ್ಕದಲ್ಲಿ ಸಾವಿರದ ಇನ್ನೂರು ಕೋಟಿ ರೂಪಾಯಿಗೂ ಮೇಲೆ.

ಹೊಗಳುವುದನ್ನು ಹೊಗಳಲೇಬೇಕು. 2024ರ ಫೆಬ್ರವರಿಯಲ್ಲಿ ಕೆಲಸ ಶುರು, 2025ರ ಮಾರ್ಚಿಗೆ ಅದರ ಮೇಲೆ ಜನ ಜಾರುತ್ತಿದ್ದರು. ಹದಿನಾರು ತಿರುವು, ಒಂದೂ ಬಾಕಿ ಇಲ್ಲ. ಬೆಂಗಳೂರಿನ ಈಜಿಪುರದ ಫ್ಲೈಓವರ್ ಕಂಬಗಳನ್ನು 2017ರಿಂದ ನೋಡಿಕೊಂಡು ಬಂದವನು ನಾನು. ಆ ಮಟ್ಟಿಗೆ ಕೈ ಮುಗಿಯುತ್ತೇನೆ.

ಅಕಸ್ಮಾತ್ ಮುಗಿಯದಿದ್ದರೆ ಅಂತ ಇನ್ನೊಂದು ಏರ್ಪಾಡೂ ಇತ್ತು. ಎಲ್ಲಿ? ಇಗ್ಲ್ಸ್ ಅಂದುಕೊಂಡಿರಾ? ಅಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲ್ಯಾಸಿಡ್! ಪಕ್ಕದ ಮನೆಯಲ್ಲಿ ಕೇಳಲ್ಲ, ಬೇಕಾದರೆ ಅಟ್ಲಾಂಟಿಕ್ ದಾಟಿ ಕೇಳುತ್ತೇವೆ. ಇದನ್ನು ಹೇಳಿದಾಗ ಕಾರು ಓಡಿಸುತ್ತಿದ್ದ ಕುಂದಾಪುರದವನು ಸ್ಟಿಯರಿಂಗ್ ಬಿಟ್ಟು ನಗೋಕೆ ಹೊರಟ. ಪುಣ್ಯಕ್ಕೆ ಲುಯೆಗ್ ಸೇತುವೆಯ ರಿಪೇರಿ ಸಾಲಿನಲ್ಲಿ ಗಾಡಿ ನಿಂತೇ ಇತ್ತು.

ಸಾಲು ಕರಗುವ ತನಕ ಒಂದು ಹಳೇ ಕಥೆ. ಕೊರ್ಟಿನಾದ ಹಾದಿಗೆ ಯೂಜೆನಿಯೊ ಮೊಂಟಿ ಹೆಸರಿಟ್ಟಿದ್ದಾರೆ. ಇಟಲಿಯ ಬಾಬ್‌ಸ್ಲೆ ಹುಲಿ. ಇಂಥದ್ದೇ ಹಾದಿಯಲ್ಲಿ ಗಾಡಿಯೊಳಗೆ ಕೂತು ಜಾರುವ ಆಟ ಅದು. 1964ರಲ್ಲಿ ಇದೇ ಇನ್ಸ್‌ಬ್ರುಕ್‌ನಲ್ಲಿ ಒಲಿಂಪಿಕ್ಸ್. ಆ ವರ್ಷ ಹಿಮವೇ ಬೀಳಲಿಲ್ಲ, ಸೈನಿಕರು ಬೆಟ್ಟದಿಂದ ಹೊತ್ತು ತಂದು ಸುರಿದರು, ಅದು ಬೇರೆ ಮಾತು. ಇಂಗ್ಲಿಷರ ಗಾಡಿಯ ಒಂದು ಬೋಲ್ಟ್ ಮುರಿಯಿತು. ಮೊಂಟಿ ತನ್ನ ಗಾಡಿಯ ಬೋಲ್ಟ್ ಬಿಚ್ಚಿ ಕೊಟ್ಟರು. ಇಂಗ್ಲಿಷರು ಚಿನ್ನ ಗೆದ್ದರು, ಮೊಂಟಿಗೆ ಕಂಚು. ಸಿಟ್ಟಾಗಲಿಲ್ಲ ಮಹಾಶಯ. ಆಮೇಲೆ 1968ರಲ್ಲಿ ತಾವೇ ಎರಡು ಚಿನ್ನ ಗೆದ್ದರು. ಎದುರಾಳಿಗೆ ಬೋಲ್ಟ್ ಬಿಚ್ಚಿಕೊಟ್ಟವನ ಹೆಸರಿನ ಹಾದಿ ಕಟ್ಟಿದ್ದು ಯಾಕೆ? ಅದೇ ಇನ್ಸ್‌ಬ್ರುಕ್‌ನವರ ಹತ್ತಿರ ಎರಡು ವಾರದ ಮಟ್ಟಿಗೆ ಕೈಗಡ ಕೇಳೋದು ಬೇಡ ಅಂತ.

ಮುಂದಿನದನ್ನೂ ತಮಾಷೆಯಾಗಿ ಬರೆಯೋಕೆ ನೋಡಿದೆ. ಆಗಲಿಲ್ಲ. 2006ರ ಟ್ಯೂರಿನ್ ಒಲಿಂಪಿಕ್ಸ್‌ಗೆ ಇದೇ ಇಟಲಿಯವರು ಚೆಸಾನಾದಲ್ಲಿ ಇಂಥದ್ದೇ ಹಾದಿ ಕಟ್ಟಿದ್ದರು. ನೂರು ಮಿಲಿಯನ್ ಯೂರೋಗೂ ಜಾಸ್ತಿ ಖರ್ಚು. ಐದಾರು ವರ್ಷ ನಡೆಸಿ, ಖರ್ಚು ತೂಗಿಸಲಾರದೆ ಬಾಗಿಲು ಹಾಕಿದರು. ಕೊರ್ಟಿನಾದ ಹಳೇ ಹಾದಿಯೂ 2008ರಲ್ಲೇ ಮುಚ್ಚಿತ್ತು, ಅದೂ ದುಡ್ಡಿನ ಕಾರಣಕ್ಕೇ. ಎಲ್ಲ ಗೊತ್ತಿದ್ದೂ ನೂರಾರು ಲಾರ್ಚ್ ಮರ ಕಡಿದರು. ಬೇಡ ಅಂದ ಊರಿನವರು ಇದ್ದರು, ಕೂಗಿದರು, ಗರಗಸ ನಿಲ್ಲಲಿಲ್ಲ. ಎರಡೂವರೆ ವಾರದ ಒಲಿಂಪಿಕ್ಸ್. ಪರಿಸರಸ್ನೇಹಿ ಅಂತ ಇದಕ್ಕೆ ಬಾಯಿಬಿಟ್ಟು ಹೇಳಿಕೊಂಡೂ ತಿರುಗುತ್ತಾರೆ. ಸಾಕಾಗಿಹೋಗಿದೆ ಈ ಮಾತು ಕೇಳಿ ಕೇಳಿ.

ಇರಲಿ. ಕಾರನ್ನು ದೂರದಲ್ಲೇ ಬಿಟ್ಟು ಬಸ್ಸಿಗೆ ಕಾಯುತ್ತಾ ಪುಳಿಯೋಗರೆ ಡಬ್ಬಿ ತೆಗೆದೆವು. ಅನ್ನ ಸೆಟೆದು ಬೇರೆ ಬೇರೆ ಕಾಳಾಗಿತ್ತು, ಕಡಲೆಬೀಜ ಹಲ್ಲಿಗೆ ಕಲ್ಲಾಗಿತ್ತು. ಹಾಸನದವನು ಎರಡು ತುತ್ತು ತಿಂದು ಗ್ಲೌಸ್ ಹಾಕಿಕೊಂಡ. ಆಮೇಲೆ ಸಂಜೆವರೆಗೂ ಅದನ್ನು ತೆಗೆಯಲಿಲ್ಲ.

ತಿರುವಿನ ಪಕ್ಕದಲ್ಲಿ ಜಾಗ ಸಿಕ್ಕಿತು. ಮೊದಲು ಒಂದು ಗುಡುಗು. ಆಮೇಲೆ ಕಾಲಡಿಯ ಹಲಗೆ ನಡುಗಿತು. ಏನೋ ಕೆಂಪಗಿನದು ಬಂತು, ಹೋಯಿತು. ಒಂದೂವರೆ ಸೆಕೆಂಡ್ ಇರಬಹುದು. ಹಾಸನದವನು ಗ್ಲೌಸ್ ಹಾಕಿದ ಬೆರಳಲ್ಲಿ ಫೋನ್ ಒತ್ತುತ್ತಲೇ ಇದ್ದ. "ಬಂತಾ?" ಅಂದ. "ಹೋಯ್ತು" ಅಂದೆವು. ಇನ್ನೊಬ್ಬ ಬಂದ, ಹೋದ. ನಾವೆಲ್ಲ ಬಾಯಿ ತೆರೆದು ಕೂಗಿದ್ದು ಗಾಳಿಗೆ. ಆದರೂ ಸುಳ್ಳು ಹೇಳಬಾರದು, ಮೈ ಜುಮ್ಮೆಂದಿತು.

ನಮ್ಮ ಶಿವ ಕೇಶವನ್ ನೆನಪಾದರು. 1998ರಿಂದ 2018ರವರೆಗೆ ಆರು ಒಲಿಂಪಿಕ್ಸ್‌ನಲ್ಲಿ ಲೂಜ್ ಆಡಿದವರು. ನಮ್ಮಲ್ಲಿ ಹಾದಿ ಎಲ್ಲಿದೆ? ಗಾಡಿಗೆ ಚಕ್ರ ಕಟ್ಟಿಕೊಂಡು ಹಿಮಾಲಯದ ಡಾಂಬರು ರಸ್ತೆಯಲ್ಲಿ, ಲಾರಿಗಳ ನಡುವೆ ಅಂಗಾತ ಮಲಗಿ ಅಭ್ಯಾಸ ಮಾಡಿದರು. ಅಲ್ಲಿಗೂ ಪರಿಸರಸ್ನೇಹಿ ಅಂದರೆ ಅದೇ ಅಲ್ವಾ?

ವಾಪಸ್ ಬರುವಾಗ ಬ್ರೆನ್ನರ್‌ನಲ್ಲಿ ಮತ್ತೆ ಗಾಡಿಗಳ ಸಾಲು. ಕುಂದಾಪುರದವನಿಗೆ ತೂಕಡಿಕೆ, ಈಗ ಕಾರು ನನ್ನ ಕೈಗೆ. ಇಗ್ಲ್ಸ್ ಬೋರ್ಡು ಇನ್ನೊಂದು ಸಲ ಬಂತು. ಎಲ್ಲರೂ ಮಲಗಿದ್ದಾರೆ ಅಂದುಕೊಂಡಿದ್ದೆ. ಹಿಂದಿನಿಂದ ದನಿ ಬಂತು:

"ಆ ಇಂಗ್ಲಿಷಾಂವ ಬೋಲ್ಟ್ ತಿರುಗಿ ಕೊಟ್ನೇನಪಾ?"